ಬೆಳಕಿನ ಕಲ್ಲಚ್ಚು

ನನ್ನ ಮೇಜಿನ ಮೇಲೆ ಒಂದು ಬೆಣಚುಕಲ್ಲಿದೆ. ಅಂಗೈಯಗಲ, ಹಾಲುಬಿಳುಪು, ಒಂದಂಚಿಗೆ ತುಕ್ಕುಬಣ್ಣದ ಗೆರೆ. ರಾಯಚೂರು ಜಿಲ್ಲೆಯ ಲಿಂಗಸುಗೂರಿನಿಂದ ಹಟ್ಟಿಗೆ ಹೋಗುವ ದಾರಿಯ ಪಕ್ಕ ಬಿದ್ದಿತ್ತು, ಜೇಬಿಗೆ ಹಾಕಿಕೊಂಡು ಬಂದೆ. ಇಂಥ ಕಲ್ಲನ್ನು ಯಾರೂ ತಿರುಗಿ ನೋಡುವುದಿಲ್ಲ. ಚಿಕ್ಕಂದಿನಲ್ಲಿ ಎರಡನ್ನು ಆರಿಸಿ ತಂದು, ದೀಪ ಆರಿಸಿ, ಒಂದಕ್ಕೊಂದು ಉಜ್ಜಿ, ಒಳಗೆ ಮಿಣುಕುವ ಬೆಳಕು ನೋಡಿ, ಸುಟ್ಟ ವಾಸನೆ ಮೂಸಿ, ಮರುದಿನ ಹಿತ್ತಲಿಗೆ ಎಸೆದದ್ದು. ನಮಗೂ ಅದಕ್ಕೂ ಅಷ್ಟೇ ನಂಟು ಅಂದುಕೊಂಡಿದ್ದೆ.

ಈಗ ಅದೇ ಕಲ್ಲನ್ನು ಕೈಯಲ್ಲಿ ಹಿಡಿದರೆ ಮೈ ಜುಮ್ಮೆನ್ನುತ್ತದೆ. ಬೆಣಚುಕಲ್ಲು ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ, ಇನ್ನೇನಿಲ್ಲ. ಅದರ ಪ್ರತಿ ಮೂರು ಪರಮಾಣುಗಳಲ್ಲಿ ಒಂದು ಸಿಲಿಕಾನ್. ತೂಕ ಹಾಕಿದರೆ ಹೆಚ್ಚುಕಡಿಮೆ ಅರ್ಧ! ನಿಮ್ಮ ಜೇಬಿನ ಮೊಬೈಲು, ಬ್ಯಾಂಕಿನ ಎಟಿಎಂ, ಆಕಾಶದಲ್ಲಿ ಸುತ್ತುವ ಉಪಗ್ರಹ, ಎಲ್ಲದರ ಮಿದುಳಾದ ಚಿಪ್ ಕೂಡ ಮೂಲದಲ್ಲಿ ಈ ಬಿಳಿಕಲ್ಲೇ. ಇನ್ನೂ ಕೇಳಿ: ಹಟ್ಟಿಯ ಗಣಿಯ ಚಿನ್ನ ಅಡಗಿ ಕೂತಿರುವುದೂ ಇದೇ ಬೆಣಚುಕಲ್ಲಿನ ಪಟ್ಟೆಗಳಲ್ಲಿ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳೊಳಗೆ ಕುದಿನೀರು ನುಗ್ಗಿ, ಆರುತ್ತ ಆರುತ್ತ ಬೆಣಚನ್ನೂ ಚಿನ್ನವನ್ನೂ ಒಟ್ಟಿಗೆ ಕೆಳಗಿಟ್ಟು ಹೋಯಿತು. ಒಂದು ಟನ್ ಕಲ್ಲು ಅರೆದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಚಿನ್ನ ಕಕ್ಕಿದ ಮೇಲೆ ಉಳಿಯುವ ಹುಡಿ ರಾಶಿರಾಶಿ.

ಆ ರಾಶಿಯಿಂದ ಸಿಲಿಕಾನ್ ತೆಗೆಯಲು ಯಾರೂ ಹೋಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಚಿಪ್ಪಿಗೆ ಬೇಕಾದ ಬೆಣಚಿನ ಶುದ್ಧಿಯೇ ಬೇರೆ, ಅದು ಸಿಗುವ ಊರುಗಳೇ ಬೇರೆ. ಆದರೂ ಒಂದು ಚಿಪ್ಪಿಗೆ ಬೇಕಾದ ಎರಡು ಮುಖ್ಯ ವಸ್ತುಗಳು ನಮ್ಮೂರ ಒಂದೇ ಕಲ್ಲಿನಲ್ಲಿ ಜೊತೆಯಾಗಿ ಮಲಗಿವೆ ಅಂದರೆ, ನನಗಂತೂ ಸುಮ್ಮನೆ ಕೂರಲಾಗುವುದಿಲ್ಲ.

ಎರಡು ಹೇಗಾಯಿತು, ಚಿಪ್ಪಿನಲ್ಲಿ ಚಿನ್ನ ಎಲ್ಲಿಂದ ಬಂತು ಅನ್ನುತ್ತೀರಾ? 1947ರ ಡಿಸೆಂಬರ್ ನೆನಪಿಸಿಕೊಳ್ಳಿ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಬಾರ್ಡೀನ್, ವಾಲ್ಟರ್ ಬ್ರಾಟೈನ್ ಇಬ್ಬರೂ ಸೇರಿ, ಇಂದಿನ ಚಿಪ್ಪುಗಳ ಅಜ್ಜ ಅನ್ನಬಹುದಾದ, ಜಗತ್ತಿನ ಮೊದಲ ಟ್ರಾನ್ಸಿಸ್ಟರ್ ಕಟ್ಟಿದರು. ಹೇಗೆ? ಒಂದು ಪ್ಲಾಸ್ಟಿಕ್ ಬೆಣೆಗೆ ಚಿನ್ನದ ತಗಡು ಸುತ್ತಿ, ಅದರ ತುದಿಯನ್ನು ಬ್ಲೇಡಿನಿಂದ ಕೂದಲೆಳೆಯಷ್ಟು ಸೀಳಿ, ಜರ್ಮೇನಿಯಂ ತುಂಡಿನ ಮೇಲೆ ಒತ್ತಿ ಹಿಡಿದರು. ಅಷ್ಟೇ! ಇಂದಿನ ಎಲೆಕ್ಟ್ರಾನಿಕ್ ಯುಗ ಹುಟ್ಟಿದ್ದು ಚಿನ್ನದ ತಗಡಿನ ಆ ಸೀಳಿನಲ್ಲಿ. ಅದೇ 1947ರಲ್ಲಿ ಇಲ್ಲಿ, ನಿಜಾಮರ ಸೀಮೆಯಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಶುರುವಾಯಿತು. ಮುಂದೆ ಹಟ್ಟಿ ಚಿನ್ನದ ಗಣಿ ಕಂಪನಿಯಾದದ್ದು ಅದೇ. ಎರಡಕ್ಕೂ ಸಂಬಂಧವಿಲ್ಲ, ಬಲ್ಲೆ. ಆದರೂ ಕ್ಯಾಲೆಂಡರಿನಲ್ಲಿ ಎರಡೂ ಪಕ್ಕಪಕ್ಕ ಕೂತಿರುವುದನ್ನು ಕಂಡಾಗ ನಗು ಬಂತು.

ಚಿಪ್ಪಿನ ತುಣುಕನ್ನು ಹೊರಗಿನ ಕಾಲುಗಳಿಗೆ ಜೋಡಿಸುವ ತಂತಿ ಇಂದಿಗೂ ಹಲವು ಕಡೆ ಚಿನ್ನದ್ದೇ. ಅಗ್ಗವೆಂದು ತಾಮ್ರ ಬಂದಿದೆ, ನಿಜ. ಕೆಡಲೇಬಾರದು ಅನ್ನುವಲ್ಲಿ ಚಿನ್ನವೇ ಬೇಕು. ಅದರ ದಪ್ಪ ಸಾಮಾನ್ಯವಾಗಿ 25 ಮೈಕ್ರಾನ್, ತಲೆಗೂದಲಿನ ಮೂರನೇ ಒಂದು ಪಾಲು. ಒಂದು ರಾತ್ರಿ ಕಾಗದ ಹಿಡಿದು ಲೆಕ್ಕ ಹಾಕಿದೆ: ಒಂದು ಗ್ರಾಂ ಚಿನ್ನವನ್ನು ಅಷ್ಟು ತೆಳ್ಳಗೆ ಎಳೆದರೆ ಎಷ್ಟುದ್ದ ಬಂದೀತು? 105 ಮೀಟರ್! ಮೂಗುತಿಯೊಂದನ್ನು ಕರಗಿಸಿ ಎಳೆದರೆ ಊರಿನ ಒಂದು ಓಣಿಯ ಈ ತುದಿಯಿಂದ ಆ ತುದಿ ಮುಟ್ಟೀತು.

ಈಗ ಮಸ್ಕಿಗೆ ಬನ್ನಿ. ಗಾಡಿಯಲ್ಲಿ ಹೋದರೆ ಲಿಂಗಸುಗೂರಿನಿಂದ ದೂರವೇನಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹಿಡಿದು ಈ ಭಾಗದಲ್ಲಿ ಅಲೆಯುತ್ತಿದ್ದ. ದುರ್ಗದ ಗುಡ್ಡದ ಬಂಡೆಯೊಂದರ ಮೇಲೆ ಅವನ ಕಣ್ಣಿಗೆ ಬಿದ್ದದ್ದು ಅಕ್ಷರ, ಬ್ರಾಹ್ಮಿ ಲಿಪಿ! ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಹೈದರಾಬಾದಿನ ಪುರಾತತ್ವ ಮಾಲೆಯ ಮೊದಲನೇ ಸಂಚಿಕೆಯಾಗಿ ಪ್ರಕಟಿಸಿದರು. ಅಲ್ಲಿಯವರೆಗೆ ದೇಶದ ಬಂಡೆಗಳ ಮೇಲೆ ಬರೀ 'ದೇವಾನಂಪ್ರಿಯ', 'ಪ್ರಿಯದರ್ಶಿ' ಎಂದೇ ಇತ್ತು. ಆ ದೇವಾನಂಪ್ರಿಯ ಯಾರು? 'ಅಶೋಕ' ಎಂದು ಹೆಸರಿಟ್ಟು ಹೇಳಿದ ಮೊದಲ ಬಂಡೆ ಮಸ್ಕಿಯದು. ಚಿನ್ನ ಹುಡುಕಲು ಹೋದವನಿಗೆ ಚಕ್ರವರ್ತಿ ಸಿಕ್ಕ!

ಚಿಪ್ಪಿನ ಕಥೆಯಲ್ಲಿ ಅಶೋಕನನ್ನು ಎಳೆದು ತಂದದ್ದಕ್ಕೆ ಕಾರಣವಿದೆ. ಚಿಪ್ ಮಾಡುವ ವಿದ್ಯೆಯ ಹೃದಯದಲ್ಲಿರುವ ಕೆಲಸಕ್ಕೆ ಫೋಟೋಲಿಥೋಗ್ರಫಿ ಎನ್ನುತ್ತಾರೆ. ಗ್ರೀಕಿನಲ್ಲಿ 'ಲಿಥೋಸ್' ಎಂದರೆ ಕಲ್ಲು, 'ಫೋಟೋ' ಎಂದರೆ ಬೆಳಕು, ಉಳಿದದ್ದು ಬರೆಯುವುದು. ಬೆಳಕಿನಿಂದ ಕಲ್ಲಿನ ಮೇಲೆ ಬರೆಯುವುದು! ಲಿಥೋಗ್ರಫಿಗೆ ಕನ್ನಡದಲ್ಲಿ ಹೊಸದಾಗಿ ಪದ ಹುಟ್ಟಿಸಬೇಕಾಗಿಯೇ ಇಲ್ಲ, ನಮ್ಮಲ್ಲಿ ಮೊದಲೇ ಇತ್ತು: ಕಲ್ಲಚ್ಚು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದದ್ದು ಕಲ್ಲಚ್ಚಿನಲ್ಲೇ. ಮರುವರ್ಷ ಪತ್ರಿಕೆ ನಮ್ಮ ನೆರೆಯ ಬಳ್ಳಾರಿಗೇ ಬಂತು. ಮಸ್ಕಿಯಲ್ಲಿ ಉಳಿಯಿಂದ, ಮಂಗಳೂರಿನಲ್ಲಿ ಮಸಿಯಿಂದ, ಈಗ ಬೆಂಗಳೂರಿನಲ್ಲಿ ಬೆಳಕಿನಿಂದ, ಕನ್ನಡ ನೆಲದಲ್ಲಿ ಕಲ್ಲಿನ ಮೇಲೆ ಬರೆಯುವ ಕೆಲಸ ನಡೆದೇ ಇದೆ.

ಬೆಂಗಳೂರಿನಲ್ಲಿ ಎಲ್ಲಿ? ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. 1909ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಮೈಸೂರು ಅರಸರು 371 ಎಕರೆ ಜಾಗ ಕೊಟ್ಟರು. ಆ ಮರಗಳ ನಡುವೆ 2010ರಲ್ಲಿ ತಲೆಯೆತ್ತಿದ್ದು ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ, ಬಲ್ಲವರ ಬಾಯಲ್ಲಿ 'ಸೆನ್ಸ್'. ಅದರ ಹೊಟ್ಟೆಯಲ್ಲಿ ಒಂದು ಕ್ಲೀನ್ ರೂಮ್ ಇದೆ.

ಕ್ಲೀನ್ ಎಂದರೆ ಎಷ್ಟು ಕ್ಲೀನ್? ನಾವು ಕೂತಿರುವ ಕೋಣೆಯಲ್ಲಿ ಒಂದು ಘನ ಅಡಿ ಗಾಳಿ ಹಿಡಿದು ಎಣಿಸಿದರೆ ಅರ್ಧ ಮೈಕ್ರಾನಿಗಿಂತ ದಪ್ಪನೆಯ ದೂಳಿನ ಕಣಗಳು ಲಕ್ಷಗಟ್ಟಲೆ ಸಿಗುತ್ತವೆ. ಬೇಸಿಗೆಯ ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ಎಣಿಸಲು ಹೋಗಬೇಡಿ! 'ಕ್ಲಾಸ್ 100' ಎಂದು ಹೆಸರು ಪಡೆದ ಕೋಣೆಯಲ್ಲಿ ಅಂಥ ಕಣ ನೂರನ್ನು ಮೀರುವಂತಿಲ್ಲ. ಒಳಹೋಗುವವರು ಅಡಿಯಿಂದ ಮುಡಿಯವರೆಗೆ ಬಿಳಿ ನಿಲುವಂಗಿ, ತಲೆಗವಸು, ಕೈಗವಸು ತೊಡಬೇಕು. ಅದು ಅವರ ರಕ್ಷಣೆಗೆ ಅಂದುಕೊಂಡರೆ ತಪ್ಪಾಯಿತು. ಮನುಷ್ಯನ ಮೈಯಿಂದ ಕ್ಷಣಕ್ಷಣವೂ ಚರ್ಮದ ಹೊಟ್ಟು ಉದುರುತ್ತಿರುತ್ತದೆ. ಆ ಹೊಟ್ಟಿನಿಂದ ಕಲ್ಲನ್ನು ಕಾಪಾಡಲು ಈ ವೇಷ. ಪೆನ್ಸಿಲ್ ಒಯ್ಯುವಂತಿಲ್ಲ, ಮಾಮೂಲಿ ಕಾಗದವೂ ನಿಷಿದ್ಧ. ನಮ್ಮ ಯಾವ ಗರ್ಭಗುಡಿಯ ಮಡಿಯೂ ಇದರ ಮುಂದೆ ಸಪ್ಪೆ.

ಇನ್ನು ಬರೆಯುವ ವಿಧಾನ. ಬೆಣಚನ್ನು ಇದ್ದಿಲಿನ ಜೊತೆ ವಿದ್ಯುತ್ ಕುಲುಮೆಯಲ್ಲಿ ಸುಮಾರು 2000 ಡಿಗ್ರಿಯಲ್ಲಿ ಕಾಯಿಸಿದರೆ ಸಿಲಿಕಾನ್ ಬಿಡಿಸಿಕೊಳ್ಳುತ್ತದೆ. ಅದನ್ನು ಅನಿಲವಾಗಿಸಿ, ಮತ್ತೆ ಗಟ್ಟಿಮಾಡಿ, ನೂರು ಕೋಟಿ ಪರಮಾಣುಗಳಲ್ಲಿ ಒಂದೇ ಒಂದು ಪರಕೀಯ ಉಳಿಯುವಷ್ಟು ಶುದ್ಧಿಮಾಡಿ, ಕರಗಿಸಿ, ಕಬ್ಬಿನ ಜಲ್ಲೆಯಂತೆ ಮೆಲ್ಲಗೆ ಮೇಲೆಳೆದು ಒಂದೇ ಹರಳು ಬೆಳೆಸುತ್ತಾರೆ. ಪೋಲೆಂಡಿನ ಯಾನ್ ಚೋಕ್ರಾಲ್‌ಸ್ಕಿ 1916ರಲ್ಲಿ ಕಂಡುಕೊಂಡ ಉಪಾಯ ಇದು. ಆ ಜಲ್ಲೆಯನ್ನು ತೆಳ್ಳಗೆ ಕೊಯ್ದರೆ ಕನ್ನಡಿಯಂತೆ ಹೊಳೆಯುವ ಬಿಲ್ಲೆ, ಅದೇ ವೇಫರ್. ಅದರ ಮೇಲೆ ಬೆಳಕಿಗೆ ಬದಲಾಗುವ ಅಂಟನ್ನು ಒಂದು ತೊಟ್ಟು ಸುರಿದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುತ್ತಾರೆ. ಅಂಟು ಕೆನೆಯಂತೆ ಹರಡುತ್ತದೆ. ಮೇಲೆ ನಕ್ಷೆ ಕೊರೆದ ಗಾಜು, ಅದರ ಮೂಲಕ ನೇರಳಾತೀತ ಬೆಳಕು. ತೊಳೆದಾಗ ಬೆಳಕು ಬಿದ್ದಲ್ಲಿ ಅಂಟು ಕರಗಿ ಹೋಗುತ್ತದೆ, ನೆರಳಿದ್ದಲ್ಲಿ ಉಳಿಯುತ್ತದೆ. ಆಮೇಲೆ ಆಮ್ಲ ಬಿಟ್ಟರೆ ಬಯಲಾದ ಭಾಗವನ್ನಷ್ಟೇ ತಿನ್ನುತ್ತದೆ. ಮತ್ತೆ ಅಂಟು, ಮತ್ತೆ ಬೆಳಕು, ಮತ್ತೆ ಆಮ್ಲ, ಹೀಗೆ ಹತ್ತಾರು ಸಲ. ಈ ಬೆಳಕಿನ ಕೆಲಸ ನಡೆಯುವ ಕೋಣೆಯ ದೀಪಗಳೆಲ್ಲ ಹಳದಿ, ಏಕೆಂದರೆ ಬಿಳಿ ಬೆಳಕಿನಲ್ಲಿರುವ ನೀಲಿ ತಾಕಿದರೆ ಸಾಕು, ಅಂಟು ಕೆಟ್ಟಿತು. ಇಡೀ ಕೋಣೆ ಸದಾ ಸಂಜೆಯ ಗೋಧೂಳಿಯಲ್ಲಿ ನಿಂತಂತೆ!

ಪಂಜಾಬಿನ ಮೊಹಾಲಿಯಲ್ಲಿ ನಮ್ಮ ಸರ್ಕಾರದ್ದೇ ಸೆಮಿಕಂಡಕ್ಟರ್ ಲ್ಯಾಬೊರೇಟರಿ ಇದೆ. ಅಲ್ಲಿ ಎಳೆಯುವ ಗೆರೆ 180 ನ್ಯಾನೋಮೀಟರ್. ಒಂದು ತಲೆಗೂದಲಿನ ಅಗಲದಲ್ಲಿ ಅಂಥ 400 ಗೆರೆಗಳು ಪಕ್ಕಪಕ್ಕ ಹಿಡಿಸುತ್ತವೆ. ತೈವಾನಿನವರು ಇದಕ್ಕಿಂತ ಎಷ್ಟೋ ಪಟ್ಟು ಸಣ್ಣದು ಬರೆಯುತ್ತಾರೆ, ನಾವು ಹಿಂದಿದ್ದೇವೆ, ಮುಚ್ಚಿಡುವುದೇನು? 1984ರಲ್ಲಿ ಇದೇ ಮೊಹಾಲಿ 5 ಮೈಕ್ರಾನಿನಿಂದ ಹೊರಟಾಗ ಜಗತ್ತಿನ ಬೆನ್ನಿಗೇ ಇದ್ದೆವು. 1989ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಘಟಕವೇ ಸುಟ್ಟಿತು. ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು. ಆ ವರ್ಷಗಳ ಬೆಲೆಯನ್ನು ಈಗಲೂ ತೆರುತ್ತಿದ್ದೇವೆ. ಹಾಗೆಂದು 180 ನ್ಯಾನೋಮೀಟರನ್ನು ಕಡೆಗಣಿಸಬೇಡಿ. 2018ರಲ್ಲಿ ಮದ್ರಾಸ್ ಐಐಟಿಯ 'ಶಕ್ತಿ' ಪ್ರೊಸೆಸರ್ ಇಲ್ಲೇ ಅಚ್ಚಾಯಿತು. ರಾಕೆಟ್ಟಿಗೆಂದೇ ರೂಪಿಸಿದ 32 ಬಿಟ್‌ನ 'ವಿಕ್ರಮ್' ಇಲ್ಲಿಂದಲೇ ಹೊರಟು ಪಿಎಸ್‌ಎಲ್‌ವಿ ಸಿ60ರಲ್ಲಿ ಅಂತರಿಕ್ಷಕ್ಕೆ ಹೋಗಿ ಪರೀಕ್ಷೆ ಮುಗಿಸಿ, 2025ರ ಸೆಪ್ಟೆಂಬರಿನಲ್ಲಿ ದೇಶದ ಮುಂದೆ ಬಂತು.

ಆದರೆ ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಲೆಕ್ಕ ಮಾಡುವ ಚಿಪ್ಪಲ್ಲ, ಮುಟ್ಟಿ ಮೂಸಿ ನೋಡುವ ಚಿಪ್ಪು. ಸೆನ್ಸರ್.

ಒಂದು ಉದಾಹರಣೆ ಸಾಕು. ಸಿಲಿಕಾನ್ ಬಿಲ್ಲೆಯ ಮೇಲೆ ಚೌಕದ ಕಿಂಡಿ ಬಿಟ್ಟು, ಉಳಿದದ್ದನ್ನು ಮುಚ್ಚಿ, ಕಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಅದ್ದಿ. ಗುಂಡಿ ಬೀಳುತ್ತದೆ. ಗೋಡೆ ಹೇಗಿರುತ್ತದೆ? ಲಂಬವಲ್ಲ, ಗುಂಡಗೂ ಅಲ್ಲ. ನಾಲ್ಕೂ ಕಡೆ ಸರಿಯಾಗಿ 54.7 ಡಿಗ್ರಿ ಓರೆ, ತಲೆಕೆಳಗಾದ ಪಿರಮಿಡ್! ಬೆಂಗಳೂರಿನಲ್ಲಿ ಮಾಡಿ, ಬರ್ಲಿನ್ನಿನಲ್ಲಿ ಮಾಡಿ, ಅದೇ 54.7. ಯಾವ ಶಿಲ್ಪಿಯೂ ಅಳತೆ ಹಿಡಿದಿಲ್ಲ. ಹರಳಿನೊಳಗೆ ಪರಮಾಣುಗಳು ಸಾಲು ಹಿಡಿದು ನಿಂತ ರೀತಿಯೇ ಆ ಓರೆಯನ್ನು ನಿಗದಿ ಮಾಡುತ್ತದೆ. ಗುಂಡಿಯ ತಳದಲ್ಲಿ ಕೆಲವು ಮೈಕ್ರಾನ್ ದಪ್ಪದ ಪೊರೆ ಉಳಿಸಿದರೆ ಅದೊಂದು ಪುಟ್ಟ ತಮಟೆ. ಮೇಲೆ ಒತ್ತಡ ಬಿದ್ದರೆ ಪೊರೆ ಬಾಗುತ್ತದೆ. ಬಾಗಿದ ಸಿಲಿಕಾನಿನಲ್ಲಿ ವಿದ್ಯುತ್ ಹರಿಯುವ ಬಗೆ ಬದಲಾಗುತ್ತದೆ. 1954ರಲ್ಲಿ ಚಾರ್ಲ್ಸ್ ಸ್ಮಿತ್ ಕಂಡ ಗುಣ ಇದು. ವಿಮಾನದ ಎತ್ತರ ಅಳೆಯುವುದಕ್ಕೂ ಆಸ್ಪತ್ರೆಯಲ್ಲಿ ಬಿಪಿ ನೋಡುವುದಕ್ಕೂ ಇಂಥದೇ ತಮಟೆ. ಭಾರತದಲ್ಲಿ ಈ ವಿದ್ಯೆಗೆ ಹಣ, ಜನ, ಜಾಗ ಮೂರನ್ನೂ ಒಟ್ಟುಗೂಡಿಸಿದವರಲ್ಲಿ ಮುಂಚೂಣಿಯವರು ರಕ್ಷಣಾ ಸಂಶೋಧನೆಯ ಮುಖ್ಯಸ್ಥರಾಗಿದ್ದ ಕನ್ನಡಿಗ ವಿ.ಕೆ. ಅತ್ರೆ. ಸ್ಮಾರ್ಟ್ ವಸ್ತುಗಳ ರಾಷ್ಟ್ರೀಯ ಕಾರ್ಯಕ್ರಮ, ಅದರ ಬೆನ್ನಿಗೆ ಮೈಕ್ರೋ ಮತ್ತು ಸ್ಮಾರ್ಟ್ ಸಿಸ್ಟಮ್ಸ್ ಕಾರ್ಯಕ್ರಮ, ಎರಡೂ ಸರ್ಕಾರಿ ದುಡ್ಡಿನವು. ಪ್ರಯೋಗಾಲಯಗಳಲ್ಲಿ ಇಂಥ ತಮಟೆಗಳು ಬಡಿಯತೊಡಗಿದ್ದು ಅವುಗಳಿಂದ.

ಇನ್ನು ಮೂಗು. ಗಣಿಯೊಳಗೆ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯಿಲ್ಲ, ಬಣ್ಣವಿಲ್ಲ, ಮನುಷ್ಯ ಸುಮ್ಮನೆ ಮಲಗಿಬಿಡುತ್ತಾನೆ. ಇಂಗ್ಲೆಂಡಿನ ಗಣಿಗಳಲ್ಲಿ ಹಿಂದೆ ಹಕ್ಕಿಯೊಂದನ್ನು ಪಂಜರದಲ್ಲಿ ಒಯ್ಯುತ್ತಿದ್ದರು, ಅದು ಮೊದಲು ಬಿದ್ದರೆ ಜನ ಓಡಬೇಕು. ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಮತ್ತು ಸಂಗಡಿಗರು ಆ ಹಕ್ಕಿಯ ಕೆಲಸವನ್ನು ಸಿಲಿಕಾನಿಗೆ ಕಲಿಸಿದ್ದಾರೆ. ಗಾಳಿಯಲ್ಲಿ ತೇಲುವಂತೆ ನಿಲ್ಲಿಸಿದ ಪೊರೆ, ಅದರೊಳಗೆ ಪುಟಾಣಿ ಒಲೆ, ಒಲೆಯ ಮೇಲೆ ಲೋಹದ ಆಕ್ಸೈಡಿನ ತೆಳು ಲೇಪ. ಪೊರೆ ಎಷ್ಟು ಹಗುರ ಎಂದರೆ ಕೆಲವೇ ಮಿಲಿವಾಟ್ ಕೊಟ್ಟರೆ ನೂರಾರು ಡಿಗ್ರಿ ಕಾಯುತ್ತದೆ. ಅನಿಲದ ಅಣು ಬಂದು ಕೂತರೆ ಲೇಪದ ವಿದ್ಯುತ್ ರೋಧ ಬದಲಾಗುತ್ತದೆ, ಚಿಪ್ ಅದನ್ನು ಓದುತ್ತದೆ. ಸತುವಿನ ಆಕ್ಸೈಡನ್ನು ಜೇನುಗೂಡಿನಂತೆ ನೇಯ್ದು ಅದರ ಮೂಗನ್ನು ಇನ್ನಷ್ಟು ಚುರುಕು ಮಾಡಿದ್ದಾರೆ ಇದೇ ತಂಡದವರು. ಹಟ್ಟಿಯ ನೆಲದಾಳದಲ್ಲಿ ಪಾಳಿ ಮಾಡುವ ಅಣ್ಣಂದಿರಿಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಿಲ್ಲ.

ಭಟ್ಟರು ಓದಿದ್ದು ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಆಮೇಲೆ ಮುಂಬೈ ಐಐಟಿ, ಸ್ಟ್ಯಾನ್‌ಫರ್ಡ್. ಅಮೆರಿಕದಲ್ಲಿ ಮೋಟೊರೋಲಾ ಕೆಲಸ ಬಿಟ್ಟು 1999ರಲ್ಲಿ ವಾಪಸು ಬಂದರು. ಅವರ ಗುಂಪಿನ ಇನ್ನೊಂದು ಕೆಲಸ ಇನ್ನೂ ಹತ್ತಿರದ್ದು: ಒಂದು ಹನಿ ರಕ್ತ. ಸಕ್ಕರೆ ಕಾಯಿಲೆಯವರಿಗೆ ಬೆರಳು ಚುಚ್ಚಿ ನೋಡುವ ಸ್ಟ್ರಿಪ್ ಗೊತ್ತೇ ಇದೆ. ಅದು ಹೇಳುವುದು ಆ ಕ್ಷಣದ ಸಕ್ಕರೆಯನ್ನು ಮಾತ್ರ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ರಕ್ತಹೀನತೆ ತೋರಿಸುವ ಹಿಮೋಗ್ಲೋಬಿನ್, ಮೂತ್ರಪಿಂಡ ಕೆಡುತ್ತಿರುವ ಸುಳಿವು ಕೊಡುವ ಆಲ್ಬುಮಿನ್, ಇವನ್ನೆಲ್ಲ ಒಟ್ಟಿಗೆ ನೋಡಲು ಸಾಮಾನ್ಯವಾಗಿ ದೊಡ್ಡ ಲ್ಯಾಬ್ ಬೇಕು. ರಾಯಚೂರು ಲಿಂಗಸುಗೂರಿನಿಂದ ತೊಂಬತ್ತು ಕಿಲೋಮೀಟರಿನಷ್ಟು ದೂರ, ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಭಟ್ಟರ ತಂಡ ಇಷ್ಟನ್ನೂ ಅಂಗೈ ಮೇಲಿನ ಒಂದೇ ಸಾಧನದಲ್ಲಿ ಅಳೆಯುವ ಹಾಗೆ ಮಾಡಿತು. ಒಂದೊಂದು ಪರೀಕ್ಷೆಗೂ ಬೇರೆ ಸ್ಟ್ರಿಪ್, ಸ್ಟ್ರಿಪ್ಪಿನ ಮೇಲೆ ಬೇರೆ ರಾಸಾಯನಿಕ. ಬೇಕಾದ ಅಣು ಅದಕ್ಕೆ ಅಂಟಿಕೊಂಡಾಗ ಹರಿಯುವ ಸೂಕ್ಷ್ಮ ವಿದ್ಯುತ್ತನ್ನು ಯಂತ್ರ ಓದುತ್ತದೆ. ಸಂಸ್ಥೆಯ ಆವರಣದಲ್ಲೇ 'ಪಾಥ್‌ಶೋಧ್' ಎಂಬ ಕಂಪನಿ 2015ರಲ್ಲಿ ಹುಟ್ಟಿತು. 2018ರಲ್ಲಿ ಭಟ್ಟರಿಗೆ ಇನ್ಫೋಸಿಸ್ ಪ್ರಶಸ್ತಿ ಬಂತು. ಪ್ರಶಸ್ತಿ ಇರಲಿ, ಈ ಸಾಧನ ಮುದಗಲ್ಲಿನ, ತುರ್ವಿಹಾಳದ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಕೂರುವವರೆಗೆ ನನಗೆ ಸಮಾಧಾನವಿಲ್ಲ.

ಈ ಎಲ್ಲದರ ಹಿಂದೆ ಇರುವ ಹಣ ಯಾರದು? ಸಿಂಧನೂರಿನ ಭತ್ತದ ಗಿರಣಿಯ ಜಿಎಸ್‌ಟಿ ಅದರಲ್ಲಿದೆ, ನೀವು ಬೆಂಕಿಪೊಟ್ಟಣಕ್ಕೆ ಕೊಟ್ಟ ತೆರಿಗೆಯೂ ಇದೆ. ಆದ್ದರಿಂದಲೇ ನನಗೆ ಅತಿ ದೊಡ್ಡ ಅಚ್ಚರಿಯಾದದ್ದು ಯಂತ್ರಗಳನ್ನು ಕಂಡಲ್ಲ, ಬಾಗಿಲು ತೆರೆದಿರುವುದನ್ನು ಕಂಡು. 2008ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನ ಸಂಸ್ಥೆ ಮತ್ತು ಮುಂಬೈ ಐಐಟಿಗಳಲ್ಲಿ 'ಇನಪ್' ಎಂಬ ಯೋಜನೆ ಶುರು ಮಾಡಿತು. ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಅದರ ಪೂರ್ಣ ಹೆಸರು. ಕೋಟಿಗಟ್ಟಲೆ ಬೆಲೆಯ ಆ ಯಂತ್ರಗಳ ಮುಂದೆ ದೇಶದ ಯಾವ ಮೂಲೆಯ ಕಾಲೇಜಿನ ಸಂಶೋಧಕರೂ ಬಂದು ತರಬೇತಿ ಪಡೆಯಬಹುದು, ತಮ್ಮ ವಿಚಾರ ಒಪ್ಪಿಗೆಯಾದರೆ ತಮ್ಮದೇ ಸೆನ್ಸರ್ ಮಾಡಿಕೊಂಡು ಹೋಗಬಹುದು! ಈಗ ಅದು ಇನ್ನಷ್ಟು ಐಐಟಿಗಳಿಗೂ ಹರಡಿದೆ.

ಚಿಪ್ ವಿನ್ಯಾಸ ಮಾಡುವವರಿಗೆ ಇನ್ನೊಂದು ಬಾಗಿಲು. ವಿನ್ಯಾಸದ ಸಾಫ್ಟ್‌ವೇರ್ ಎಂದರೆ ಸಣ್ಣ ಕಾಲೇಜು ಕನಸಿನಲ್ಲೂ ಕೊಳ್ಳಲಾಗದ ಬೆಲೆ. 'ಚಿಪ್ಸ್ ಟು ಸ್ಟಾರ್ಟಪ್' ಯೋಜನೆಯಡಿ ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ 'ಚಿಪ್‌ಇನ್' ಕೇಂದ್ರ ಅದನ್ನು ದೂರದಿಂದಲೇ ಕಾಲೇಜುಗಳಿಗೆ ಒದಗಿಸುತ್ತದೆ. ವಿದ್ಯಾರ್ಥಿಗಳ ವಿನ್ಯಾಸಗಳನ್ನು ಕೂಡಿಸಿ ಮೊಹಾಲಿಗೆ ಕಳಿಸಿ, ಅಚ್ಚಾದ ಚಿಪ್ಪನ್ನು ತಿರುಗಿ ಅವರ ಕೈಗಿಡುತ್ತದೆ. 85,000 ಎಂಜಿನಿಯರುಗಳನ್ನು ತಯಾರು ಮಾಡುವುದು ಯೋಜನೆಯ ಗುರಿ. ಅದರಲ್ಲಿ ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಕಡೆಯವರು ಎಷ್ಟು ಜನ ಎಂದು ಯೋಚಿಸುವಾಗ ಮಾತ್ರ ಹೊಟ್ಟೆಯಲ್ಲಿ ಸಣ್ಣಗೆ ಸಂಕಟ. ನಮ್ಮ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಓದುವುದೆಂದರೆ ಬೆಂಗಳೂರಿನ ಯಾವುದೋ ಕಂಪನಿಯ ಕೋಡಿಂಗ್ ಕೆಲಸಕ್ಕೆ ದಾರಿ, ಅಷ್ಟೇ. ಮಸ್ಕಿಯ ಬಂಡೆಯನ್ನು ಸಾಲು ಹಿಡಿದು ನೋಡಿ ಬಂದ ಶಾಲೆಯ ಮಕ್ಕಳಿಗೆ, ಕಲ್ಲಿನ ಮೇಲೆ ಬರೆಯುವವರು ಈಗಲೂ ಇದ್ದಾರೆಂದು ಯಾರಾದರೂ ಹೇಳಿದ್ದಾರೆಯೇ?

ಹಟ್ಟಿಯ ಹಳೆಯ ಗುಂಡಿಗಳಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು 2000 ವರ್ಷ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ ಬಿರಿಸಿ, ನೂರಾರು ಅಡಿ ಆಳಕ್ಕೆ ಇಳಿದವರು ಆ ಜನ. ಅವರ ಊರಿನವರಿಗೆ ಬೆಂಗಳೂರು ಒಂದು ರಾತ್ರಿಯ ಬಸ್ಸು.

ಎಲೆಕ್ಟ್ರಾನಿಕ್ಸ್, ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರುಗಳೇ, ಎಂ.ಎಸ್ಸಿ., ಎಂ.ಟೆಕ್. ಓದುತ್ತಿರುವ ತಂಗಿ ತಮ್ಮಂದಿರೇ, ಇನಪ್ ತರಬೇತಿಯ ಪ್ರಕಟಣೆ ಕಂಡ ಕೂಡಲೇ ಅರ್ಜಿ ಹಾಕಿ. ಹೋಗುವಾಗ ದಾರಿಯ ಪಕ್ಕದ ಒಂದು ಬೆಣಚುಕಲ್ಲನ್ನು ಜೇಬಿಗೆ ಹಾಕಿಕೊಳ್ಳಿ. ಕ್ಲೀನ್ ರೂಮಿನ ಬಾಗಿಲಲ್ಲಿ ಮಾತ್ರ ಅದನ್ನು ತೆಗೆದಿಡಿ, ಒಳಗೆ ಬಿಡುವುದಿಲ್ಲ.